ಜಾರಿದ ಗರ್ಭಕೋಶದ ಬಾಯಿ ಬೆಳ್ಳಗೆ ದಪ್ಪಗಾದರೆ: ಮನೆಯ ಆರೈಕೆಯಿಂದ ಬಯಾಪ್ಸಿ ರಿಪೋರ್ಟಿನವರೆಗೆ

ಗರ್ಭಕೋಶ ಜಾರಿ ವರ್ಷಗಟ್ಟಲೆ ಹೊರಗೇ ಉಳಿದವರಲ್ಲಿ ಅದರ ಬಾಯಿ, ಅಂದರೆ ಗರ್ಭಕಂಠ, ಮೊದಲಿನ ಹಾಗೆ ಇರುವುದಿಲ್ಲ. ತೇವವಾಗಿ, ನಸುಗೆಂಪಾಗಿ, ಮೆತ್ತಗೆ ಇರಬೇಕಾದ ಭಾಗ ಒಣಗಿ, ಬೆಳ್ಳಗಾಗಿ, ಹಿಮ್ಮಡಿಯ ಚರ್ಮದಂತೆ ದಡ್ಡುಗಟ್ಟುತ್ತದೆ. ಕೆಲವರಲ್ಲಿ ಕಂದು ಬಣ್ಣ ಏರುತ್ತದೆ, ಕೆಲವರಲ್ಲಿ ತುದಿಯಲ್ಲಿ ಹುಣ್ಣಾಗುತ್ತದೆ. ಇದನ್ನು ಕಂಡ ಮನೆಯವರಲ್ಲಿ ಕೆಲವರು ಕ್ಯಾನ್ಸರೇ ಇರಬೇಕೆಂದು ಹೆದರಿ, ಯಾವ ಪರೀಕ್ಷೆಯೂ ಇಲ್ಲದೆ ಅವಸರದಲ್ಲಿ ಗರ್ಭಕೋಶ ತೆಗೆಸಿಬಿಡುತ್ತಾರೆ. ಇನ್ನು ಕೆಲವರು ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಬಿಟ್ಟುಬಿಡುತ್ತಾರೆ. ಎರಡೂ ತಪ್ಪು. ಈ ಬದಲಾವಣೆ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಅಲ್ಲ ಎನ್ನುವುದನ್ನು ಮೈಕ್ರೋಸ್ಕೋಪು ಹೇಳಬೇಕು, ಬರೀ ಕಣ್ಣಿನಿಂದ ಆಗದು. ಆದ್ದರಿಂದ ಮೊದಲು ಒಳಗೆ ಸೇರಿಸಿ ಹುಣ್ಣು ಮಾಯಿಸಬೇಕು, ಸಂಶಯ ಇದ್ದಲ್ಲಿ ಮಾಂಸದ ತುಣುಕು ತೆಗೆದು ಪರೀಕ್ಷಿಸಬೇಕು (ಇದೇ ಬಯಾಪ್ಸಿ), ಆಪರೇಷನ್ನಿನ ಮಾತು ಆಮೇಲೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ತಾಯಿಯನ್ನೋ ಅತ್ತೆಯನ್ನೋ ಆಸ್ಪತ್ರೆಗೆ ಕರೆದೊಯ್ಯುವವರಿಗೆ, ಆಶಾ ಕಾರ್ಯಕರ್ತೆಯರಿಗೆ ಈ ಕ್ರಮವನ್ನು ಒಂದೊಂದಾಗಿ ಹೇಳುತ್ತೇವೆ.

ಚರ್ಮ ಏಕೆ ಬದಲಾಗುತ್ತದೆ

ಗರ್ಭಕಂಠದ ಹೊರಮೈಗೆ ಹಲವು ಪದರಗಳ ಚಪ್ಪಟೆ ಜೀವಕೋಶಗಳ ಹೊದಿಕೆ ಇರುತ್ತದೆ. ಬಾಯಿಯ ಒಳಗಿನ ಪೊರೆಯ ಹಾಗೆ ಇದೂ ಸದಾ ಒದ್ದೆ. ಕೈಕಾಲಿನ ಚರ್ಮದ ಮೇಲಿರುವ ಕೆರಟಿನ್ ಎಂಬ ಗಟ್ಟಿ, ಒಣ ಪದರ ಇದಕ್ಕಿಲ್ಲ. ಗರ್ಭಕೋಶ ಯೋನಿಯಿಂದ ಹೊರಗೆ ಇಳಿದಾಗ ಆ ತೇವ ಹೋಗುತ್ತದೆ, ಗಾಳಿ ತಗಲುತ್ತದೆ, ನಡೆದಾಗಲೆಲ್ಲ ತೊಡೆ ಮತ್ತು ಸೀರೆ ಉಜ್ಜುತ್ತವೆ. ಇದನ್ನು ತಾಳಿಕೊಳ್ಳಲು ಹೊದಿಕೆ ದಪ್ಪವಾಗುತ್ತದೆ, ಮೇಲೆ ಕೆರಟಿನ್ ಕಟ್ಟಿಕೊಳ್ಳುತ್ತದೆ. ಬಿಳಿ ಕಾಣುವುದು ಇದೇ ಪದರ. ಬಹಳ ಅಪರೂಪಕ್ಕೆ ಈ ಬದಲಾವಣೆ ಇನ್ನೂ ಮುಂದೆ ಹೋಗಿ, ಗರ್ಭಕಂಠದಲ್ಲಿ ಇರಲೇಬಾರದ ಎಣ್ಣೆ ಗ್ರಂಥಿ, ಬೆವರು ಗ್ರಂಥಿ, ಕೂದಲ ಬುಡಗಳು ಕೂಡ ಕಂಡದ್ದುಂಟು. ವೈದ್ಯರಿಗೇ ವಿಚಿತ್ರವೆನಿಸುವ ಸಂಗತಿ ಇದು, ಆದರೆ ಅಪಾಯದ್ದಲ್ಲ.

ಹುಣ್ಣಿನ ಕಾರಣ ಬೇರೆ. ಬರೀ ಉಜ್ಜುವುದರಿಂದ ಹುಣ್ಣಾಗುತ್ತದೆ ಎಂದು ಜನ ತಿಳಿಯುತ್ತಾರೆ. ನಿಜದಲ್ಲಿ, ಜೋತುಬಿದ್ದ ಭಾಗದಿಂದ ರಕ್ತ ಮೇಲಕ್ಕೆ ಹಿಂದಿರುಗಲು ಕಷ್ಟವಾಗಿ ಅಲ್ಲೇ ನಿಲ್ಲುತ್ತದೆ, ಬಾವು ಬರುತ್ತದೆ, ಎಲ್ಲಕ್ಕಿಂತ ಕೆಳಗಿನ ತುದಿಗೆ ಹೊಸ ರಕ್ತ ಸರಿಯಾಗಿ ಮುಟ್ಟುವುದಿಲ್ಲ. ಆಗ ಚರ್ಮ ಬಿರಿಯುತ್ತದೆ. ಹೊರಗಿನಿಂದ ಎಷ್ಟು ಮುಲಾಮು ಹಚ್ಚಿದರೂ ಮಾಯದ ಹುಣ್ಣು, ಗರ್ಭಕೋಶವನ್ನು ಒಳಗೆ ಸೇರಿಸಿ ಇಟ್ಟ ಕೂಡಲೇ ಮಾಯತೊಡಗುವುದು ಇದೇ ಕಾರಣಕ್ಕೆ.

ಮೂರನೆಯದು ಉದ್ದ. ಸಾಮಾನ್ಯವಾಗಿ ಗರ್ಭಕಂಠ 2.5ರಿಂದ 4 ಸೆಂ.ಮೀ. ಇರುತ್ತದೆ. ಜಾರಿದಾಗ ಜಗ್ಗಿಕೊಂಡು, ಬಾವೇರಿ ಇದಕ್ಕಿಂತ ಬಹಳ ಉದ್ದವಾಗಬಹುದು. ಹೊರಗೆ ಕಾಣುವ ಗಡ್ಡೆಯೆಲ್ಲ ಗರ್ಭಕೋಶವೇ ಎಂದು ಹೆದರಬೇಕಿಲ್ಲ. ಎಷ್ಟೋ ಸಲ ಅದರಲ್ಲಿ ಹೆಚ್ಚಿನ ಭಾಗ ಉದ್ದವಾದ ಕಂಠ, ಅದರ ಜೊತೆಗೆ ಮೂತ್ರಚೀಲ.

ಮೊದಲು ಕೇಳುವುದು ಹೇಗೆ

ಇದನ್ನು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಕಬ್ಬಿನ ಹೊರೆ, ಮೇವಿನ ಹೊರೆ ಹೊತ್ತು ಸಂಜೆ ಮನೆಗೆ ಬಂದಾಗ ಸೊಂಟ ಹಿಡಿದುಕೊಳ್ಳುವುದು, ನಡೆಯುವಾಗ ಕಾಲು ಅಗಲಿಸುವುದು, ಮೇಲಿಂದ ಮೇಲೆ ಒಳಉಡುಪಿಗೆ ಬಟ್ಟೆ ಮಡಚಿ ಇಟ್ಟುಕೊಳ್ಳುವುದು ಇವೇ ಸೂಚನೆ. "ಗರ್ಭಕೋಶ ಜಾರಿದೆಯಾ" ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ. "ಅವ್ವಾ, ಕೂತು ಎದ್ದಾಗ ಕೆಳಗ ಏನರ ಇಳದಂಗ ಆಗತೈತೇನು? ಮೂತ್ರಕ್ಕ ಹೋಗಬೇಕಂದ್ರ ಅದನ್ನ ಕೈಲೆ ಒಳಗ ನೂಕಬೇಕಾಗತೈತೇನು?" ಎಂದು, ಅವರು ಒಬ್ಬರೇ ಇದ್ದಾಗ, ಹೆಣ್ಣುಮಕ್ಕಳೇ ಕೇಳಬೇಕು. ಎರಡನೆಯ ಪ್ರಶ್ನೆ ಮುಖ್ಯ. ನೂಕದೆ ಮೂತ್ರ ಬರುವುದಿಲ್ಲ ಎಂದರೆ ಮೂತ್ರಚೀಲವೂ ಇಳಿದಿದೆ, ಪೂರ್ತಿ ಖಾಲಿಯಾಗುತ್ತಿಲ್ಲ ಎಂದರ್ಥ.

ಆಮೇಲೆ ಮೂರು ವಿಷಯ ಬರೆದಿಟ್ಟುಕೊಳ್ಳಿ. ಮುಟ್ಟು ನಿಂತು ಎಷ್ಟು ವರ್ಷವಾಯಿತು, ನಿಂತ ಮೇಲೆ ಒಂದು ಹನಿಯಾದರೂ ರಕ್ತ ಕಂಡಿದೆಯೇ, ಹೋಗುವ ಬಿಳಿಸೆರಗು ವಾಸನೆ ಬರುತ್ತದೆಯೇ. ಬಟ್ಟೆಗೆ ಹತ್ತಿದ ರಕ್ತ ಹುಣ್ಣಿನದ್ದೋ ಗರ್ಭಕೋಶದ ಒಳಗಿನದ್ದೋ ಮನೆಯಲ್ಲಿ ತಿಳಿಯುವುದಿಲ್ಲ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಬಂದ ಯಾವ ರಕ್ತವನ್ನೂ ಹುಣ್ಣಿನದ್ದೇ ಎಂದು ತಳ್ಳಿಹಾಕಬಾರದು.

ಮನೆಯಲ್ಲಿ ಒಳಗೆ ಸೇರಿಸುವ ಬಗೆ

ಮೊದಲು ಮೂತ್ರಕ್ಕೆ ಹೋಗಿ ಬರಲಿ. ಚೀಲ ತುಂಬಿದ್ದರೆ ಗರ್ಭಕೋಶ ಒಳಗೆ ಹೋಗುವುದಿಲ್ಲ, ಬಲವಂತ ಮಾಡಿದರೆ ನೋವು. ಆಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟದ ಕೆಳಗೆ ದಿಂಬು ಇಟ್ಟು ಹದಿನೈದಿಪ್ಪತ್ತು ನಿಮಿಷ ಸುಮ್ಮನೆ ಇರಬೇಕು. ಇಷ್ಟರಲ್ಲೇ ನಿಂತ ರಕ್ತ ಹಿಂದೆ ಸರಿದು ಬಾವು ಸ್ವಲ್ಪ ಇಳಿಯುತ್ತದೆ. ಕೈ ಸಾಬೂನಿನಿಂದ ತೊಳೆದು, ಕಾಯಿಸಿ ಆರಿಸಿದ ನೀರಿನಲ್ಲಿ ಸ್ವಚ್ಛ ಗಾಜ್ ಒದ್ದೆ ಮಾಡಿ, ಅದನ್ನು ಹೊರಬಂದ ಭಾಗದ ಮೇಲಿಟ್ಟು, ಉಸಿರು ನಿಧಾನವಾಗಿ ಬಿಡುತ್ತ ಬೆರಳಿನಿಂದ ಮೆಲ್ಲಗೆ ಒಳಗೆ, ಬೆನ್ನಿನ ಕಡೆಗೆ ಒತ್ತಬೇಕು. ಕೆಮ್ಮಬಾರದು, ತಿಣುಕಬಾರದು. ಒಳಗೆ ಹೋದ ಮೇಲೆ ಅರ್ಧ ಗಂಟೆ ಮಲಗಿಯೇ ಇರಲಿ. ಗಾಜ್ ಒಳಗೆ ಬಿಡಬೇಡಿ.

ಅರಿಶಿನ, ಸುಣ್ಣ, ಬೂದಿ, ಡೆಟಾಲ್ ಯಾವುದನ್ನೂ ಹಚ್ಚಬೇಡಿ. ಡೆಟಾಲ್ ಹಚ್ಚಿದರೆ ಅರ್ಧ ಮಾಯ್ದ ಹುಣ್ಣು ಮತ್ತೆ ಸುಟ್ಟು ಕೆಂಪಾಗುತ್ತದೆ. ಅರಿಶಿನದ ಬಣ್ಣ ಕೂತರೆ ಆಸ್ಪತ್ರೆಯಲ್ಲಿ ಚರ್ಮದ ನಿಜ ಬಣ್ಣವೇ ಕಾಣುವುದಿಲ್ಲ. ಹಳೆಯ ಬಟ್ಟೆಯ ಉಂಡೆಯನ್ನು ಒಳಗೆ ತುರುಕಿ ತಡೆ ಇಡುವ ರೂಢಿಯೂ ಕೆಲವೆಡೆ ಇದೆ. ಅದರಿಂದ ಕೀವು, ದುರ್ವಾಸನೆ, ಜ್ವರ ಗ್ಯಾರಂಟಿ. ಹೊರಗೇ ಉಳಿಯುತ್ತಿದ್ದರೆ ಮೆತ್ತನೆಯ ಹತ್ತಿ ಬಟ್ಟೆ ಸಾಕು, ದಿನಕ್ಕೆ ಎರಡು ಮೂರು ಸಲ ಬದಲಿಸಬೇಕು. ನೈಲಾನ್ ಒಳಉಡುಪು ಬೇಡ.

ಒಳಗೆ ಹೋಗುತ್ತಲೇ ಇಲ್ಲ, ನೋವು ಹೆಚ್ಚುತ್ತಿದೆ, ಬಣ್ಣ ನೀಲಿ ಅಥವಾ ಕಪ್ಪಿಗೆ ತಿರುಗಿದೆ, ಆರು ಗಂಟೆಯಿಂದ ಮೂತ್ರವೇ ಬಂದಿಲ್ಲ, ಇಲ್ಲವೆ ಚಳಿಜ್ವರ ಬಂದಿದೆ: ಇವುಗಳಲ್ಲಿ ಒಂದಿದ್ದರೂ ಬೆಳಗಾಗುವ ತನಕ ಕಾಯಬಾರದು. 108ಕ್ಕೆ ಕರೆ ಮಾಡಿ.

ಆಸ್ಪತ್ರೆಯಲ್ಲಿ ಏನು ನೋಡಬೇಕು

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರುಮಾಡಿ, ರೆಫರಲ್ ಪತ್ರ ಪಡೆದು ಮುಂದೆ ಹೋಗುವುದು ಒಳ್ಳೆಯದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ; ಖಾಸಗಿ ಆಸ್ಪತ್ರೆಯಲ್ಲಿ ಇದು ಸಿಗಬೇಕಾದರೆ ಆ ಪತ್ರ ಬೇಕಾಗುತ್ತದೆ. ಹುಣ್ಣು ಇದ್ದರೆ ಅಥವಾ ಬಿಳಿ ಚರ್ಮ ದಪ್ಪಗಿದ್ದರೆ, ಪೆಥಾಲಜಿ ವಿಭಾಗ, ಅಂದರೆ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ವಿಭಾಗ, ಇರುವ ದೊಡ್ಡ ಆಸ್ಪತ್ರೆಯೇ ಸರಿ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ತುಣುಕು ತೆಗೆಯುವವರು ಮತ್ತು ಅದನ್ನು ಓದುವವರು ಒಂದೇ ಆವರಣದಲ್ಲಿದ್ದರೆ ಅನುಮಾನ ಬಂದಾಗ ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಇದು ಸಣ್ಣ ಲಾಭವಲ್ಲ.

ಪರೀಕ್ಷೆಗೆ ಹೋಗುವ ಎರಡು ದಿನ ಮೊದಲಿನಿಂದ ಒಳಗೆ ಯಾವ ಕ್ರೀಮು, ಮಾತ್ರೆ ಇಡಬಾರದು, ಒಳಗೆ ನೀರು ಹಾಯಿಸಿ ತೊಳೆಯಬಾರದು. ಡಾಕ್ಟರ್ ಮುಂದೆ ಮಲಗಿದಾಗ ಗರ್ಭಕೋಶ ಒಳಗೆ ಹೋಗಿ ಅಲ್ಲೇ ನಿಲ್ಲಬಹುದು. ನಾಚಿಕೆಪಡದೆ ಕೆಮ್ಮಿ, ತಿಣುಕಿ ತೋರಿಸಬೇಕು, ಬೇಕಾದರೆ ನಿಂತು ತೋರಿಸಬೇಕು. ಯೋನಿಯ ಬಾಯಲ್ಲಿ ಹೈಮನ್ (ಕನ್ಯಾಪೊರೆ) ಇದ್ದ ಜಾಗವನ್ನು ಗೆರೆ ಎಂದಿಟ್ಟುಕೊಂಡು ಹಂತ ಅಳೆಯುತ್ತಾರೆ. ಇಳಿದ ಭಾಗದ ತುದಿ ಗೆರೆಗಿಂತ 1 ಸೆಂ.ಮೀ.ಗೂ ಹೆಚ್ಚು ಒಳಗೆ ಇದ್ದರೆ ಮೊದಲ ಹಂತ. ಗೆರೆಯ ಒಳಗೆ ಹೊರಗೆ 1 ಸೆಂ.ಮೀ. ಅಂತರದಲ್ಲಿದ್ದರೆ ಎರಡು, ಅದಕ್ಕಿಂತ ಹೊರಗೆ ಬಂದರೆ ಮೂರು, ಪೂರ್ತಿ ಹೊರಮಗುಚಿ ಬಂದರೆ ನಾಲ್ಕು. ಕೆರಟಿನ್, ಹುಣ್ಣು ಎಲ್ಲ ಹೆಚ್ಚಾಗಿ ಮೂರು ಮತ್ತು ನಾಲ್ಕರಲ್ಲಿ. ಮೊದಲ ಹಂತದಲ್ಲಿದ್ದು ತೊಂದರೆಯೇ ಇಲ್ಲದವರಿಗೆ, ಬರೀ ಬಿಳಿಸೆರಗಿನ ಕಾರಣ ಹೇಳಿ ಗರ್ಭಕೋಶ ತೆಗೆಯಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ನಾಲ್ಕನೇ ಹಂತದವರಿಗೆ ಕಿಡ್ನಿಯ ಸ್ಕ್ಯಾನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ಪರೀಕ್ಷೆ) ಕೇಳಿ ಮಾಡಿಸಿ. ಗರ್ಭಕೋಶ ಜಗ್ಗಿದಾಗ ಮೂತ್ರನಾಳಗಳೂ ಜಗ್ಗಿ ಮಣಿಯುತ್ತವೆ, ನೋವಿಲ್ಲದೆಯೇ ಕಿಡ್ನಿ ಊದುತ್ತದೆ. ಮೂತ್ರ ಮಾಡಿ ಬಂದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಎನ್ನುವುದನ್ನೂ ಅದೇ ಸ್ಕ್ಯಾನಿನಲ್ಲಿ ನೋಡಿಸಿ.

ಬಿಳಿ ಬಣ್ಣ ಮಾಡುವ ಮೋಸ

ಗರ್ಭಕಂಠದ ಕ್ಯಾನ್ಸರ್ ಪತ್ತೆಯ ಸರಕಾರಿ ತಪಾಸಣೆಯಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿಐಎ ಎಂಬ ಪರೀಕ್ಷೆ ಮಾಡುತ್ತಾರೆ. ಗರ್ಭಕಂಠಕ್ಕೆ ಶೇ. 3ರಿಂದ 5ರ ಅಸಿಟಿಕ್ ಆ್ಯಸಿಡ್ ಹಚ್ಚಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುತ್ತದೆಯೇ ನೋಡುವುದು. ಜಾರಿದ ಗರ್ಭಕೋಶದಲ್ಲಿ ಈ ಪರೀಕ್ಷೆ ಸುಲಭವಾಗಿ ದಾರಿ ತಪ್ಪಿಸುತ್ತದೆ, ಏಕೆಂದರೆ ಕೆರಟಿನ್ ಕಟ್ಟಿದ ಚರ್ಮ ಆ್ಯಸಿಡ್ ಹಚ್ಚುವ ಮೊದಲೇ ಬೆಳ್ಳಗಿರುತ್ತದೆ. ಆದ್ದರಿಂದ ಹಚ್ಚುವ ಮೊದಲು ಒಮ್ಮೆ ಒಳ್ಳೆಯ ಬೆಳಕಿನಲ್ಲಿ ನೋಡಿ, ಯಾವ ಬಿಳಿ ಮೊದಲೇ ಇತ್ತು ಎಂದು ಚಿತ್ರ ಬರೆದಿಡಬೇಕು. ತಪಾಸಣೆ ಮಾಡುವ ಸಿಸ್ಟರುಗಳಿಗೆ ಇದೊಂದು ಮಾತು ತಿಳಿದಿದ್ದರೆ ಎಷ್ಟೋ ಜನರ ಅನಾವಶ್ಯಕ ಗಾಬರಿ ತಪ್ಪುತ್ತದೆ. ಅಯೋಡಿನ್ ಹಚ್ಚಿ ನೋಡುವುದರಲ್ಲೂ ಇದೇ ತೊಡಕು. ಆರೋಗ್ಯವಂತ ಹೊದಿಕೆಯಲ್ಲಿನ ಗ್ಲೈಕೋಜನ್ (ಸಕ್ಕರೆಯ ಸಂಗ್ರಹ) ಅಯೋಡಿನ್ ಹೀರಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆರಟಿನ್ ಕಟ್ಟಿದ ಕಡೆ, ಮುಟ್ಟು ನಿಂತು ತೆಳುವಾದ ಕಡೆ ಗ್ಲೈಕೋಜನ್ ಕಡಿಮೆ, ಬಣ್ಣ ಹಿಡಿಯದು.

ಹಾಗೆಂದು ಮೊದಲೇ ಇದ್ದ ಬಿಳಿಯನ್ನು ಸುಮ್ಮನೆ ಬಿಡುವ ಹಾಗೂ ಇಲ್ಲ. ದಪ್ಪ ಕೆರಟಿನ್ನಿನ ಕೆಳಗೆ ಏನಿದೆ ಎಂದು ಮೇಲಿನಿಂದ ಕಾಣದು. ಅಲ್ಲಿಂದಲೇ ತುಣುಕು ತೆಗೆಯಬೇಕು.

ಕಂಠದಿಂದ ಜೀವಕೋಶಗಳನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುವ ಪ್ಯಾಪ್ ಸ್ಮಿಯರ್‌ನಲ್ಲೂ ಎಚ್ಚರ ಬೇಕು. ಹೊರಮೈಯನ್ನಷ್ಟೇ ಕೆರೆದರೆ ಗಾಜಿನ ಮೇಲೆ ನ್ಯೂಕ್ಲಿಯಸ್ (ಜೀವಕೋಶದ ನಡುಬೀಜ) ಇಲ್ಲದ ಒಣ ಹಕ್ಕಳೆಗಳು ಬರುತ್ತವೆ, ರಿಪೋರ್ಟು "ಮಾದರಿ ಸಾಲದು" ಎಂದು ಬರುತ್ತದೆ. ವಯಸ್ಸಾದವರಲ್ಲಿ ಕ್ಯಾನ್ಸರ್ ಶುರುವಾಗುವ ಸಂಧಿಭಾಗ, ಅಂದರೆ ಹೊರಮೈಯ ಮತ್ತು ಒಳಗಿನ ಜೀವಕೋಶಗಳು ಸೇರುವ ಜಾಗ, ಕಂಠದ ಕಾಲುವೆಯೊಳಗೆ ಸರಿದಿರುತ್ತದೆ. ಆದ್ದರಿಂದ ಸ್ಪ್ಯಾಟುಲಾ (ಕೆರೆಯುವ ಚಪ್ಪಟೆ ಕಡ್ಡಿ) ಜೊತೆಗೆ ಕಾಲುವೆಯೊಳಗೆ ತೂರಿಸುವ ಸಣ್ಣ ಬ್ರಷ್‌ನಿಂದಲೂ ಮಾದರಿ ತೆಗೆಯಬೇಕು. ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ಲಭ್ಯವಿದ್ದರೆ ಮಾಡಿಸಿ. ಮುಟ್ಟು ನಿಂತ ಮೇಲೆ ರಕ್ತ ಕಂಡವರಿಗೆ ಗರ್ಭಕೋಶದ ಒಳಪದರದ ಮಾದರಿಯೂ ಬೇಕೇ ಬೇಕು.

ಹುಣ್ಣು ಮಾಯಿಸುವುದು

ಹುಣ್ಣಿದ್ದಾಗ ಆಪರೇಷನ್ ಮಾಡಿದರೆ ಹೊಲಿಗೆಗೆ ಸೋಂಕು ಹತ್ತುತ್ತದೆ, ಬಾವೇರಿದ ಮಾಂಸ ಹೊಲಿಗೆಯನ್ನು ಹಿಡಿದುಕೊಳ್ಳುವುದಿಲ್ಲ. ಅದಕ್ಕೇ ಮೊದಲು ಒಂದೆರಡು ವಾರ ಪ್ಯಾಕಿಂಗ್. ಗರ್ಭಕೋಶವನ್ನು ಒಳಗೆ ಸೇರಿಸಿ, ಗ್ಲಿಸರಿನ್ ಅಥವಾ ಗ್ಲಿಸರಿನ್ ಅಕ್ರಿಫ್ಲಾವಿನ್‌ನಲ್ಲಿ ನೆನೆಸಿದ ಉದ್ದ ಗಾಜ್ ಪಟ್ಟಿಯನ್ನು ಯೋನಿಯೊಳಗೆ ಮಡಿಕೆ ಮಡಿಕೆಯಾಗಿ ಇಡುತ್ತಾರೆ. ಪಟ್ಟಿ ಗರ್ಭಕೋಶವನ್ನು ಮೇಲೆ ಹಿಡಿದಿಡುತ್ತದೆ, ಗ್ಲಿಸರಿನ್ ಬಾವಿನ ನೀರನ್ನು ಎಳೆದುಕೊಳ್ಳುತ್ತದೆ. ಮುಟ್ಟು ನಿಂತವರಿಗೆ ಇದರ ಜೊತೆ ಈಸ್ಟ್ರೋಜನ್ ಕ್ರೀಮ್ ಕೊಡುವುದುಂಟು. ತೆಳುವಾದ ಚರ್ಮ ತುಂಬಿಕೊಳ್ಳುತ್ತದೆ, ಬೇಗ ಮಾಯುತ್ತದೆ. ಕಾರಣ ತಿಳಿಯದ ರಕ್ತಸ್ರಾವ ಇರುವವರು, ಸ್ತನ ಕ್ಯಾನ್ಸರ್ ಆಗಿ ಹೋದವರು ಡಾಕ್ಟರನ್ನು ಕೇಳದೆ ಈ ಕ್ರೀಮ್ ಬಳಸಬಾರದು.

ಪ್ಯಾಕ್ ದಿನಾ ಬದಲಿಸಬೇಕು. ಪಟ್ಟಿಯ ಒಂದು ತುದಿ ಹೊರಗೆ ಕಾಣುವಂತೆ ಇರಬೇಕು, ಇಟ್ಟದ್ದು ಎಷ್ಟು, ತೆಗೆದದ್ದು ಎಷ್ಟು ಎಂದು ಚೀಟಿಯಲ್ಲಿ ಬರೆಯಿಸಿ. ಒಂದು ತುಂಡು ಒಳಗೆ ಮರೆತುಹೋದರೆ ಮೂರು ನಾಲ್ಕು ದಿನದಲ್ಲಿ ಕೊಳೆತ ವಾಸನೆ, ಜ್ವರ. ಪ್ಯಾಕ್ ಇದ್ದಾಗ ಮೂತ್ರ ಕಟ್ಟಿದರೆ ಸಿಸ್ಟರಿಗೆ ತಕ್ಷಣ ಹೇಳಬೇಕು. ಸಕ್ಕರೆ ಕಾಯಿಲೆ, ರಕ್ತಹೀನತೆ ಎರಡನ್ನೂ ಇದೇ ಸಮಯದಲ್ಲಿ ಹತೋಟಿಗೆ ತರಬೇಕು. ಸಕ್ಕರೆ ಏರಿದ್ದರೆ ಯಾವ ಪ್ಯಾಕೂ ಕೆಲಸ ಮಾಡುವುದಿಲ್ಲ.

ಜಾರಿದ್ದರಿಂದಲೇ ಆದ ಹುಣ್ಣು ಸಾಮಾನ್ಯವಾಗಿ ಕೆಳತುದಿಯಲ್ಲಿ, ಆಳವಿಲ್ಲದೆ, ಮೆತ್ತನೆಯ ತಳದೊಂದಿಗೆ ಇರುತ್ತದೆ. ಅಂಚು ಎದ್ದು ಗಟ್ಟಿಯಾಗಿದ್ದರೆ, ತಳ ಕೈಗೆ ಒರಟಾಗಿ ಸಿಕ್ಕರೆ, ಮುಟ್ಟಿದ ಕೂಡಲೇ ರಕ್ತ ಬಂದರೆ ಕಾಯದೆ ಅಂದೇ ಬಯಾಪ್ಸಿ ಆಗಬೇಕು. ನೋಡಲು ಸಾಧುವಾಗಿಯೇ ಇದ್ದ ಹುಣ್ಣು ಕೂಡ ಎರಡು ವಾರ ಸರಿಯಾಗಿ ಒಳಗಿಟ್ಟರೂ ಮಾಯದಿದ್ದರೆ ಬಯಾಪ್ಸಿ ಬೇಕು. ತುಣುಕನ್ನು ಹುಣ್ಣಿನ ಅಂಚಿನಿಂದ, ಪಕ್ಕದ ಚರ್ಮವೂ ಬರುವಂತೆ ತೆಗೆಯಬೇಕು. ನಡುವಿನಿಂದ ತೆಗೆದರೆ ಸತ್ತ ಮಾಂಸವಷ್ಟೇ ಬಂದು, ಇದ್ದ ಕ್ಯಾನ್ಸರ್ ತಪ್ಪಿಹೋಗಬಹುದು.

ಇಷ್ಟು ಮೊದಲೇ ಪರೀಕ್ಷಿಸಬೇಕೆಂದು ಒತ್ತಿ ಹೇಳಲು ಕಾರಣವಿದೆ. ಸಾದಾ ಆಪರೇಷನ್ನಿನಲ್ಲಿ ಗರ್ಭಕೋಶ ತೆಗೆದ ಮೇಲೆ ಅದರಲ್ಲಿ ಹರಡುವ ಕ್ಯಾನ್ಸರ್ ಸಿಕ್ಕಿದರೆ, ಅಕ್ಕಪಕ್ಕದ ಅಂಗಾಂಶ ಉಳಿದೇ ಇರುತ್ತದೆ. ಮತ್ತೆ ಆಪರೇಷನ್ನೋ ರೇಡಿಯೇಷನ್ನೋ ಬೇಕಾಗುತ್ತದೆ, ಗುಣವಾಗುವ ಸಾಧ್ಯತೆಯೂ ಇಳಿಯುತ್ತದೆ. ಮೊದಲೇ ತಿಳಿದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ರಿಪೋರ್ಟು ಓದುವುದು

ರಿಪೋರ್ಟು ಕೈಗೆ ಬಂದಾಗ ಉದ್ದುದ್ದ ಹೆಸರು ನೋಡಿ ಗಾಬರಿಯಾಗಬೇಡಿ. "ಹೈಪರ್‌ಕೆರಟೋಸಿಸ್" ಎಂದರೆ ಕೆರಟಿನ್ ಪದರ ದಪ್ಪವಾಗಿದೆ. "ಅಕ್ಯಾಂಥೋಸಿಸ್" ಎಂದರೆ ಅದರ ಕೆಳಗಿನ ಜೀವಕೋಶಗಳ ಪದರ ದಪ್ಪವಾಗಿದೆ. "ಪ್ಯಾರಾಕೆರಟೋಸಿಸ್"ನಲ್ಲಿ ಕೆರಟಿನ್ನಿನೊಳಗೂ ನ್ಯೂಕ್ಲಿಯಸ್ ಉಳಿದಿರುತ್ತದೆ. ಪ್ಯಾಪ್ ಸ್ಮಿಯರ್‌ನಲ್ಲಿ ಇದೊಂದೇ ಬಂದರೆ ಡಾಕ್ಟರ್ ಮತ್ತೊಮ್ಮೆ ಮಾದರಿ ಕೇಳಬಹುದು. "ಸ್ಕ್ವಾಮಸ್ ಮೆಟಾಪ್ಲೇಸಿಯಾ" ಎಂದರೆ ಕಾಲುವೆಯ ಲೋಳೆ ಸುರಿಸುವ ಜೀವಕೋಶಗಳ ಜಾಗದಲ್ಲಿ ಗಟ್ಟಿ ಚಪ್ಪಟೆ ಜೀವಕೋಶಗಳು ಬಂದಿವೆ. "ಕ್ರಾನಿಕ್ ಸರ್ವಿಸೈಟಿಸ್" ಹಳೆಯ ಉರಿಯೂತ, ಮಕ್ಕಳಾದ ಹೆಂಗಸರ ರಿಪೋರ್ಟಿನಲ್ಲಿ ಮಾಮೂಲು. "ನೆಬೋಥಿಯನ್ ಸಿಸ್ಟ್" ಲೋಳೆ ಕಟ್ಟಿಕೊಂಡ ಗುಳ್ಳೆ. "ಎಪಿಡರ್ಮಲ್ ಮೆಟಾಪ್ಲೇಸಿಯಾ" ಎಂದಿದ್ದು ಸೆಬೇಷಿಯಸ್ ಗ್ರಂಥಿ ಅಥವಾ ಕೂದಲ ಬುಡ ಕಂಡಿದೆ ಎಂದು ಬರೆದಿದ್ದರೆ, ಮೊದಲು ಹೇಳಿದ ಆ ಅಪರೂಪದ ಬದಲಾವಣೆ. ಇವು ಯಾವುವೂ ಕ್ಯಾನ್ಸರ್ ಅಲ್ಲ.

"ಡಿಸ್‌ಪ್ಲೇಸಿಯಾ", "ಸಿಐಎನ್", "ಎಲ್‌ಎಸ್‌ಐಎಲ್", "ಎಚ್‌ಎಸ್‌ಐಎಲ್" ಎಂಬ ಮಾತು ಇದ್ದರೆ ನಿಲ್ಲಬೇಕು. ಇವು ಕ್ಯಾನ್ಸರ್ ಪೂರ್ವದ ಹಂತಗಳು. ಸಿಐಎನ್ 1 ಎಷ್ಟೋ ಸಲ ತಾನಾಗಿ ಹಿಂದೆ ಸರಿಯುತ್ತದೆ. ಸಿಐಎನ್ 2, 3ಕ್ಕೆ ಚಿಕಿತ್ಸೆ ಬೇಕು. "ಕಾರ್ಸಿನೋಮಾ" ಎಂದಿದ್ದರೆ ಕ್ಯಾನ್ಸರ್ ತಜ್ಞರ ಹತ್ತಿರ ಆ ವಾರವೇ ಹೋಗಬೇಕು, ಸುಗ್ಗಿ ಮುಗಿಯಲಿ ಎಂದು ಮುಂದೂಡಬಾರದು.

ಆಪರೇಷನ್ನೋ, ರಿಂಗೋ

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಹೃದಯ, ಶ್ವಾಸಕೋಶದ ತೊಂದರೆ ಇರುವ ವಯಸ್ಸಾದವರಿಗೆ ಸಿಲಿಕೋನ್ ರಿಂಗ್ ಪೆಸರಿ, ಅಂದರೆ ಗರ್ಭಕೋಶವನ್ನು ಮೇಲೆ ಹಿಡಿದಿಡುವ ಬಳೆ, ಯೋನಿಯೊಳಗೆ ಇಡಬಹುದು. ಅಳತೆ ಮಿ.ಮೀ.ನಲ್ಲಿ ಇರುತ್ತದೆ, ಪರೀಕ್ಷಿಸಿಯೇ ಆರಿಸಬೇಕು: ದೊಡ್ಡದಾದರೆ ಒತ್ತಿ ಹುಣ್ಣು ಮಾಡುತ್ತದೆ, ಸಣ್ಣದಾದರೆ ಶೌಚಕ್ಕೆ ಕೂತಾಗ ಬಿದ್ದುಹೋಗುತ್ತದೆ. ಇಟ್ಟ ಮೇಲೆ ಕೂತು, ನಡೆದು, ಮೂತ್ರ ಮಾಡಿ ನೋಡಿಯೇ ಮನೆಗೆ ಹೊರಡಬೇಕು. ಮೂರು ತಿಂಗಳಿಗೊಮ್ಮೆ ತೆಗೆದು ತೊಳೆದು ಚರ್ಮ ನೋಡಿಸುವುದು ತಪ್ಪಬಾರದು. ವರ್ಷಗಟ್ಟಲೆ ಮರೆತ ರಿಂಗ್ ಮಾಂಸದೊಳಗೆ ಹೂತುಹೋಗಿ ಮೂತ್ರಚೀಲಕ್ಕೋ ಗುದಕ್ಕೋ ತೂತು ಮಾಡಬಲ್ಲದು. ಗುಳೇ ಹೋಗುವ ಮನೆಯವರು ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಎಲ್ಲಿದ್ದರೂ ಅಲ್ಲಿಯ ಆಸ್ಪತ್ರೆಗೆ ಹೋಗಬೇಕು.

ಮಕ್ಕಳು ಬೇಕಾದ ಕಿರಿಯರಿಗೆ ಗರ್ಭಕೋಶ ಉಳಿಸಿ ಮೇಲೆತ್ತಿ ಕಟ್ಟುವ ಸ್ಲಿಂಗ್ ಆಪರೇಷನ್‌ಗಳಿವೆ; ಶಿರೋಡ್ಕರ್, ಪುರಂದರೆ, ಖನ್ನಾ ಎಂಬ ನಮ್ಮ ದೇಶದ ಸರ್ಜನ್‌ಗಳ ಹೆಸರಿನಲ್ಲೇ ಇವು ನಡೆದುಬಂದಿವೆ. ಕಂಠವಷ್ಟೇ ಉದ್ದವಾಗಿದ್ದರೆ ಅದನ್ನು ಮಾತ್ರ ಕತ್ತರಿಸುವ ಮ್ಯಾಂಚೆಸ್ಟರ್ ಆಪರೇಷನ್ ಇದೆ. ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಯೋನಿ ಮಾರ್ಗದಿಂದಲೇ ಗರ್ಭಕೋಶ ತೆಗೆದು, ಸಡಿಲವಾದ ತಳವನ್ನು ಹೊಲಿದು ಬಿಗಿ ಮಾಡುತ್ತಾರೆ. ಬರೀ ತೆಗೆದು ಬಿಟ್ಟರೆ ಮೂತ್ರಚೀಲ ಮತ್ತೆ ಇಳಿಯುತ್ತದೆ, ಆದ್ದರಿಂದ ತಳದ ರಿಪೇರಿಯೂ ಇದೆಯೇ ಎಂದು ಕೇಳಿಕೊಳ್ಳಿ.

ತೆಗೆದ ಗರ್ಭಕೋಶವನ್ನು ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುವುದು ಸಣ್ಣ ಆಸ್ಪತ್ರೆಗಳಲ್ಲಿ ಇದೆ. ಆ ಡಬ್ಬಿಯಲ್ಲಿ ಏನು ಹಾಕಿದ್ದಾರೆ ಎಂದು ಕೇಳಿ. ಒಳಗೆ ಮಾಂಸ ಕೆಡದಂತೆ ಕಾಯುವ ಶೇ. 10ರ ಫಾರ್ಮಲಿನ್ ದ್ರವ ಇರಬೇಕು, ಸಾದಾ ನೀರು ಅಥವಾ ಸಲೈನ್ ಅಲ್ಲ. ಮಾಂಸದ ಹತ್ತು ಪಟ್ಟು ಫಾರ್ಮಲಿನ್ ಇರಬೇಕೆಂಬುದು ಲೆಕ್ಕ. ಕಡಿಮೆಯೆಂದರೂ ಪೂರ್ತಿ ಮುಳುಗಿರಲಿ, ಡಬ್ಬಿಯ ಬಾಯಿ ಅಗಲವಾಗಿರಲಿ. ಫಾರ್ಮಲಿನ್ ಇಲ್ಲದೆ ಬೇಸಿಗೆಯ ಬಿಸಿಲಲ್ಲಿ ಬಸ್ಸಿನಲ್ಲಿ ಒಯ್ದರೆ ಲ್ಯಾಬು ಸೇರುವಷ್ಟರಲ್ಲಿ ಜೀವಕೋಶಗಳು ಕರಗತೊಡಗಿರುತ್ತವೆ, ಓದಲು ಬರುವುದಿಲ್ಲ. ಡಬ್ಬಿಯ ಮೈಗೆ ಹೆಸರು, ವಯಸ್ಸು, ತಾರೀಖು, ಯಾವ ಭಾಗ ಎಂದು ಬರೆದಿರಬೇಕು; ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾಗುತ್ತದೆ. ಕೋರಿಕೆ ಚೀಟಿಯಲ್ಲಿ "ಗರ್ಭಕೋಶ ಜಾರಿತ್ತು, ಹುಣ್ಣಿತ್ತು, ಪ್ಯಾಕಿಂಗ್ ಆಗಿದೆ" ಎಂದು ಡಾಕ್ಟರಿಂದ ಬರೆಯಿಸಿ. ಹಿನ್ನೆಲೆ ತಿಳಿದಾಗ ಪೆಥಾಲಜಿಸ್ಟ್ ಆ ಜಾಗದಿಂದಲೇ ಹೆಚ್ಚು ತುಣುಕು ತೆಗೆದು ನೋಡುತ್ತಾರೆ. ಹಣ ಉಳಿಸಲೆಂದು ಪರೀಕ್ಷೆ ಬೇಡ ಎನ್ನಬೇಡಿ.

ಆಪರೇಷನ್ ಆದ ಮೇಲೆ ಆರು ವಾರ ದಾಂಪತ್ಯ ಸಂಪರ್ಕ ಬೇಡ, ಮೂರು ತಿಂಗಳು ಕೊಡ, ಹೊರೆ, ಗೊಬ್ಬರದ ಬುಟ್ಟಿ ಎತ್ತಬಾರದು. ಮಲಬದ್ಧತೆ ಆಗದಂತೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಸಾಕಷ್ಟು ನೀರು. ಒಲೆಯ ಹೊಗೆಯಿಂದ, ತಂಬಾಕಿನಿಂದ ಕೆಮ್ಮು ಇದ್ದರೆ ಅದಕ್ಕೂ ಔಷಧಿ ಮಾಡಿಸಿ. ಕೆಮ್ಮಿದಾಗಲೆಲ್ಲ ಹೊಲಿಗೆಯ ಮೇಲೆ ಜಗ್ಗು ಬೀಳುತ್ತದೆ. ಡಾಕ್ಟರ್ ಒಪ್ಪಿದ ಮೇಲೆ, ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಸೆಕೆಂಡ್ ಬಿಗಿ ಹಿಡಿದು ಬಿಡುವ ವ್ಯಾಯಾಮ, ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ. ಮೂತ್ರ ಮಾಡುತ್ತಿರುವಾಗಲೇ ಇದನ್ನು ಮಾಡಬಾರದು.

ಹಿಸ್ಟೋಪೆಥಾಲಜಿ (ತೆಗೆದ ಮಾಂಸದ ಮೈಕ್ರೋಸ್ಕೋಪ್ ಪರೀಕ್ಷೆ) ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಾರ್ಡುಗಳ ಜೊತೆ ಇಡಿ. ಅದರಲ್ಲಿ ಸಿಐಎನ್ ಇದ್ದಿದ್ದರೆ ಗರ್ಭಕೋಶ ತೆಗೆದ ಮೇಲೂ ಯೋನಿಯ ಒಳತುದಿಯಿಂದ ಸ್ಮಿಯರ್ ಮಾಡಿಸುತ್ತಿರಬೇಕು. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಬರೀ ರಿಪೋರ್ಟು ಸಾಲದು. ಲ್ಯಾಬಿನಲ್ಲಿ ಸ್ಲೈಡು ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಇರುತ್ತವೆ. ರಿಪೋರ್ಟಿನ ಮೇಲಿನ ನಂಬರು ಹೇಳಿ, ಅರ್ಜಿ ಬರೆದುಕೊಟ್ಟು ಅವನ್ನೇ ಕೇಳಿ ಪಡೆದು ಒಯ್ಯಿರಿ.